ಗಾಲಿ ಮ್ಯಾಲಿನ ಗೂಡು

ಸೇಡಂ ರಸ್ತೆದಾಗ ಖಿಡಕಿ, ಗೇಟು ವೆಲ್ಡಿಂಗ್ ಮಾಡೋನು ನಾ.
ನಿಲ್ಲೋದು ಮಾಡಿ ಗೊತ್ತು.
ಲಾಲ್‌ಬಿ ಬಂದು ನಡಿಯೋ ಮನಿ ಕೇಳಿದಳು,
ಹನ್ನೊಂದು ಕೋಳಿಗೆ, ಒಂದು ಹುಂಜಕ್ಕ.

ಪರಸಿ ಮ್ಯಾಲೆ ಸೀಮೆಸುಣ್ಣದ ಗೆರಿ ಎಳದೆ:
ಉದ್ದ ಆರು ಫೂಟು, ಅಗಲ ಮೂರು,
ತಳ ಇಲ್ಲ, ಹುಲ್ಲೇ ತಳ.
‘ಮುಂಗುಸಿ ಬಂದರ?’ ಅಂದಳು.
ಸುತ್ತ ಒಂದು ಗೇಣು ತಂತಿ ಜಾಳಿ
ನೆಲಕ್ಕ ಹಾಸಿದೆ, ಸೆರಗು ಬಿಟ್ಟಂಗ.

ಮೊದಲನೇದು ಪೂರಾ ಕಬ್ಬಿಣದ್ದು.
ಮೂರು ಮಂದಿ ದೂಡಿದರೂ
ಎರಿ ಮಣ್ಣು ಅದರ ಕಾಲು ಬಿಡಲಿಲ್ಲ.
ಕೋಳಿ ಮ್ಯಾಲೆ ಹತ್ತಿ ಕುಂತು
ನನ್ನ ಕೆಲಸಕ್ಕ ಹಿಕ್ಕಿ ಹಾಕಿದವು.

ಕಡದೆ. ಅರ್ಧ ಗುಜರಿಗೆ ಹೋತು.
ತೊಗರಿ ಕಟಗಿ ಹೆಣದು ಆಕೀನೇ ಗ್ವಾಡಿ ಮಾಡಿದಳು,
ನಾ ಬರೇ ಚೌಕಟ್ಟು, ಎತ್ತಲಿಕ್ಕ ಹಿಡಿ,
ನನ್ನ ಮಗಳು ಬಿಟ್ಟ ಸೈಕಲ್ಲಿನ ಎರಡು ಗಾಲಿ.

ಈಗ ದಿನಾ ಮುಂಜಾನೆ
ಆಕಿ ಹಿಡಿ ಎತ್ತಿ ಒಂದು ಮನಿ ಉದ್ದ ಸರಸ್ತಾಳ.
ಒಳಗ ಕೋಳಿ ಸಣ್ಣ ಹೆಜ್ಜಿ ಹಾಕ್ತಾವ,
ಮನಿ ನಿಂತದ, ಭೂಮಿನೇ ಸರೀಲಿಕ್ಕತ್ತದ ಅಂತ ತಿಳದು.
ಹಿಂದ, ಕೆದರಿ ಗೊಬ್ಬರ ಬಿದ್ದ ಚೌಕ ಚೌಕ ನೆಲ,
ಕೌದಿ ಹರವಿದಂಗ.

ಒಂದು ತಪ್ಪು ಉಳದದ, ನನ್ನ ವೆಲ್ಡಿಂಗಿಗೆ ಸಿಗದ್ದು.
ಸಂಜಿಮುಂದ ಹೊಲಕ್ಕ ಬಿಟ್ಟವು ತಾವೇ ಬರ್ತಾವ.
ಬೂದಿ ಬಣ್ಣದ್ದೊಂದು ಮಾತ್ರ
ನಿನ್ನಿ ಗೂಡಿದ್ದ ಜಾಗಕ್ಕ ಹೋಗಿ
ಇಲ್ಲದ ಬಾಗಲದ ಮುಂದ ನಿಲ್ತದ.
ಲಾಲ್‌ಬಿ ಬಗಲಾಗ ಎತಗೊಂಡು ಬರ್ತಾಳ:
‘ಅಲ್ಲಿಲ್ಲ, ಹುಚ್ಚಿ. ಇಲ್ಲ್ಯದ.’