ಸೂಜಿ ಬೇಡದ ತೋರಣ

ನಾಳೆ ನಮ್ಮ ಶಿಡ್ಲಘಟ್ಟದ ಅಂಗನವಾಡಿಗೆ ಹೊಸ ಬಾಗಿಲು.
ಚಿಕ್ಕಮಕ್ಕಳು, ಸೂಜಿ ತರಬೇಡಿ ಅಂದಿದ್ದೆ.
ಬರಿಗೈಲಿ ಬಂದಳು ಟೈಲರ್ ಮೆಹರುನ್ನೀಸಾ.

ಗೂಡಿನ ಮಾರ್ಕೆಟ್ಟಿನ ಹಳೇ ಚೀಟಿ, ಗುಲಾಬಿ, ಹಳದಿ,
ತೂಕ ಬರೆದ ಮಗ್ಗುಲು ಒಳಗಾಗುವಂತೆ
ಉಗುರಲ್ಲಿ ಗೀರಿ ಮಡಿಸಿದಳು.
ಓರೆಯಾಗಿ ಎರಡು ಕತ್ತರಿ.
ಮಡಿಕೆಯ ಸಂದಿಗೆ ದಾರ,
ಅಂಚಿಗೆ ಬೆರಳಷ್ಟು ಮೈದಾ ಅಂಟು.

‘ಒತ್ತೊತ್ತಾಗಿ ಬೇಡ ಮಿಸ್,
ಗಾಳಿಗೂ ಜಾಗ ಬೇಕಲ್ಲ.’

ಅಂಟನ್ನು ಅರ್ಧ ತೌಸೀಫನೇ ನೆಕ್ಕಿದ.
ಲಕ್ಷ್ಮೀದೇವಮ್ಮನ ಮೊಮ್ಮಗಳದೊಂದು ತಲೆಕೆಳಗು.
ಇರಲಿ ಬಿಡಿ, ಅಂದಳು.

ಬಿದ್ದ ಕತ್ತರಿಗೆಂದು ಬಗ್ಗಿದೆ:
ಮೇಜಿನಡಿ ಅವಳ ಬಲಗಾಲು
ಅಲ್ಲಿಲ್ಲದ ಮಿಷನ್ನು ತುಳಿಯುತ್ತಿದೆ,
ಮಡಿಕೆ ಮಡಿಕೆಗೂ,
ಸದ್ದಿಲ್ಲದೆ.

ಕತ್ತರಿ ಸಿಗಲಿಲ್ಲ ಅಂತ
ಇನ್ನೂ ಸ್ವಲ್ಪ ಹೊತ್ತು ಹುಡುಕಿದೆ.