ಉಳಿ ಗುರುತು

ಮೂರೂವರೆ ಗ್ರಾಂ. ತೂತು ಬಿದ್ದ ಬೆಳ್ಳಿ.
ಗದಗಿನ ಸರಾಫ ಓಣಿಯ ನನ್ನ ತಕ್ಕಡಿಗೆ ಅಷ್ಟೇ ಗೊತ್ತು.
ಕಪ್ಪತಗುಡ್ಡದ ಬುಡದ ತಾಂಡಾದಿಂದ ಬಂದ ಸಕ್ರಿಬಾಯಿ
ಬಿಚ್ಚಿಟ್ಟು ಹೋದ ಸರದಲ್ಲಿ
ಹನ್ನೊಂದು ರಾಣಿ ರೂಪಾಯಿ, ನಾಲ್ಕು ಬೋಳುತಲೆ ರಾಜ,
ನಡುವೆ ಇದೊಂದು ಗಿಡ್ಡ, ಯಾರ ಮನೆಯವನೋ.
‘ಕರಗಿಸಿ ಮಗಳಿಗೆ ಕಾಲ್ಗಡಗ ಮಾಡು ಪತ್ತಾರಾ,
ಗುರುವಾರ ಬರತೀನಿ.’

ಮೂಸೆ ಕಾದಿತ್ತು. ರಾಣಿಯರು ಒಬ್ಬೊಬ್ಬರಾಗಿ ಇಳಿದರು,
ಕಿರೀಟ ಮೊದಲು ಮೆತ್ತಗಾಗಿ, ಆಮೇಲೆ ಮೂಗು.
ಇವನ ಸರದಿಗೆ ಚಿಮಟ ನಿಂತಿತು.
ದಪ್ಪ ಕುತ್ತಿಗೆ. ತಲೆಗೆ ಎಲೆಯ ಪಟ್ಟಿ,
ಹಿಂದೆ ಎರಡು ಬಾಲದ ಗಂಟು,
ಅಂಚಿಗೆ ಇರುವೆ ಸಾಲಿನಂಥ ಅಕ್ಷರ.
ಕೆನ್ನೆಯ ಮೇಲೊಂದು ಗೀರು.
ಗೀರಲ್ಲ, ಏಟು.

ಶನಿವಾರದ ಪ್ಯಾಸೆಂಜರಿಗೆ ಹುಬ್ಬಳ್ಳಿ.
ಅಡಕೆ ಡಬ್ಬಿಯಲ್ಲಿ ಅವನು; ಹುಲಕೋಟಿ ದಾಟುವ ತನಕ
ಅಡಕತ್ತರಿಗೆ ತಾಗಿ ಟಿಣ್ ಟಿಣ್ ಅನ್ನುತ್ತಿದ್ದ.
ಅಣ್ಣಿಗೇರಿಯಲ್ಲಿ ಯಾಕೋ ಸುಮ್ಮನಾದ.

ದುರ್ಗದಬೈಲಿನ ದಾವಲಸಾಬ ಚಸ್ಮಾ ಮಾರುವವನು.
ಊರ ಕಣ್ಣಿಗೆಲ್ಲ ನಂಬರು ಬರೆದುಕೊಟ್ಟು
ತನ್ನ ಕಣ್ಣಿಗೆ ಮಸೂರದ ಮೇಲೆ ಮಸೂರ.
‘ಹುಣಸಿಹಣ್ಣು ಹಚ್ಚಿ ತಿಕ್ಕೀರೇನು?’
ಕಳ್ಳನನ್ನು ಕೇಳಿದಂತೆ ಕೇಳಿದ.
ಇಲ್ಲ ಅಂದೆ. ಕೈ ಹೋಗಿತ್ತು, ಅದನ್ನು ಹೇಳಲಿಲ್ಲ.

ಅಂಚು ತಿರುವಿದ: ಎರಕದ ಗೆರೆ ಇಲ್ಲ.
ಬೆರಳ ತುದಿಗೆ ಕೂರಿಸಿ, ಪೆನ್ಸಿಲ್ಲಿನಿಂದ ತಟ್ಟಿ,
ಕಿವಿ ಕೊಟ್ಟ.
‘ವ್ಹಿ ಕಂಡರ ಯೂ ಅಂತ ಓದ್ರಿ, ಅವರಿಗೆ ಎರಡೂ ಒಂದ.
ಟಿ, ಐ... ತಿಬೇರಿಯಸ್. ರೋಮಿನ ಬಾದಶಾ.
ಮೆಣಸು ಕೊಳ್ಳಾಕ ಹಡಗ ಹತ್ತಿ ಬಂದ ರೊಕ್ಕ.
ಹಿಂದ ಕುರ್ಚಿ ಮ್ಯಾಲ ಕುಂತಾಳಲ್ಲ,
ಅವನ ತಾಯಿ ಅಂತಾರ, ದೇವಿ ಅಂತಾರ,
ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲ.’

ಆಲ್ಬಮ್ಮಿನಲ್ಲಿ ಇಂಥವು ಐದು. ಆರನೆಯ ಮನೆ
ಮೂವತ್ತು ವರ್ಷದಿಂದ ಖಾಲಿ.
‘ಆದರ ಹೊಡತ ಬಿದ್ದೈತಿ. ಯಾವನೋ ಹಾಳ ಮಾಡ್ಯಾನ.
ಅರ್ಧ ಬೆಲಿ ಹೋತು.’

ಅಲ್ಲಿ ನನಗೆ ತಡೆಯಲಾಗಲಿಲ್ಲ.
ಕೊಡಿಲ್ಲಿ, ಅಂದೆ. ಹಾಳು ಮಾಡಿದ್ದಲ್ಲ ದಾವಲಸಾಬ,
ಹೊಟ್ಟೆಯಲ್ಲಿ ತಾಮ್ರ ಇದೆಯೇನೋ ನೋಡಿದ್ದು.
ಜೋಳದ ಕಾಳಿನಗಲದ ಉಳಿ. ಒಂದೇ ಏಟು.
ಬಲಕ್ಕೆ ಆಳ, ಎಡಕ್ಕೆ ತೇಲಿದೆ: ಎಡಚ.
ಮೂಗು ಉಳಿಸಲು ನೋಡಿದ್ದಾನೆ, ಕೆನ್ನೆಗೆ ಜಾರಿದೆ.
ನಿಮಗೆ ಬಾದಶಾ ಕಾಣುತ್ತಾನೆ. ನನಗೆ
ಬೋಣಿಗೆಗೂ ಮೊದಲೇ ಬಂದು ಕೂತ ಪರದೇಶಿಯನ್ನು
ನಂಬಲೋ ಬೇಡವೋ ಎಂದು
ಮಾರಿ ನೋಡಿ, ರೊಕ್ಕ ನೋಡಿ, ಮತ್ತೆ ಮಾರಿ ನೋಡಿ
ಸುತ್ತಿಗೆ ಎತ್ತಿದ ನಮ್ಮವನೊಬ್ಬ.

ದಾವಲಸಾಬ ಮಸೂರ ತೆಗೆದು ಬರಿಗಣ್ಣಲ್ಲಿ ನೋಡಿದ.
ಒಂದು ಬೆಲೆ ಹೇಳಿದ.
ಚಹಾ ಬಂತು. ಇನ್ನೊಂದು ಹೇಳಿದ, ಮೊದಲಿನದಕ್ಕಿಂತ ದೊಡ್ಡದು.

ಗುರುವಾರ ಅದನ್ನೇ ಸಕ್ರಿಬಾಯಿಗೆ ಹೇಳಿದೆ,
ಪೈಸೆ ಮುಚ್ಚಿಡದೆ.
ಬುಧವಾರ ರಾತ್ರಿ ಮುಚ್ಚಿಟ್ಟಿದ್ದೆ, ಮನಸ್ಸಿನಲ್ಲಿ, ಎಲ್ಲಾ.
ಮಗಳ ಕಾಲ್ಗಡಗ ಕೈಯಲ್ಲಿ ತೂಗುತ್ತ ಕೇಳಿದಳು.
‘ಬಾದಶಾನ? ನಮ್ಮ ಯಾಡಿ ಇವಗ ಕೆನ್ನಿಹರಕ ಅಂತಿದ್ಲು.’
ತಿರುವಿದಳು. ಕುಂತವಳನ್ನು ಹೆಬ್ಬೆರಳಿನಿಂದ ಒರೆಸಿದಳು.
‘ಕುರ್ಚಿ ಮ್ಯಾಲ ಕುಂತಾಳ ನೋಡು, ಕೆಲಸಿಲ್ಲ ಬೊಗಸಿಲ್ಲ.
ಇಷ್ಟ ದಿನಾ ನನ್ನ ಎದಿ ಕಡೆ ಮಾರಿ ಮಾಡಿದ್ಲು.
ಕರೇ ದಾರಕ್ಕ ಕಟ್ಟು. ಈಕಿ ಹೊರಗಿರಲಿ.’

ಕಟ್ಟಿಕೊಟ್ಟೆ.
ಕಟ್ಟುವ ಮೊದಲು
ಸಿಗರೇಟಿನ ಬೇಗಡೆಯಲ್ಲಿ ಒಂದು ಒತ್ತು ತೆಗೆದಿದ್ದೆ;
ಅದು ಹುಬ್ಬಳ್ಳಿಯ ಆರನೆಯ ಮನೆಗೆ ಹೋಯಿತು.
ಇನ್ನೊಂದು ಅಂಗಡಿಯ ಅರಗಿನಲ್ಲಿದೆ.
ಅದರಲ್ಲಿ ಬಾದಶಾ ಉಲ್ಟಾ, ಬರೀ ತಗ್ಗು,
ಅಕ್ಷರ ಓದಲು ಬರುವುದಿಲ್ಲ.
ಆ ಏಟೊಂದೇ ಎದ್ದು ನಿಂತಿದೆ,
ಕರೆಂಟು ಹೋದಾಗಲೂ ಬೆರಳಿಗೆ ಸಿಗುತ್ತದೆ.