ಎಂಟನೇ ದಿನದ ಕೇವು

ಕೋಡಿಬಾಗದ ಧಕ್ಕೆಯಿಂದ ಹಣಕೋಣಕ್ಕೆ
ಆಳಿಗೆ ಒಂದಾಣೆ ಕೇವು, ಮಗುವಿಗೆ ಅರ್ಧಾಣೆ.
ಮಗುವಿನ ತೋಳೊಳಗೆ ಕೂತು ಬರುವವಳಿಗೆ ಎಷ್ಟು
ಎಂದು ಕೇಳಿದೆ, ತಮಾಷೆಗೆ.
ಶಾಬಾ ಪೆಡ್ನೇಕರ ನಗಲಿಲ್ಲ.
ಸರ್ಕಾರಿ ಕೋಟಿನ ಗುಂಡಿ ಹಾಕಿಕೊಂಡು, ಕೊಡೆ ಬಿಚ್ಚಿ
ಹುಡುಗನ ಎಡತೋಳಿಗೆ ನೆರಳು ಹಿಡಿದ.

ಬೆಂದ ಬಂಗಡೆಯ ಕಣ್ಣಿನಂಥ ಗುಳ್ಳೆ,
ನಡುವೆ ಚೂರು ಗುಳಿ.
ನಿನ್ನೆ ಹಸಿ, ನಾಳೆ ಕೀವು,
ಇವತ್ತೊಂದು ದಿನ ಅದರೊಳಗಿನ ನೀರು ಮದ್ದು, ಎಂದ.
ಭರತ ಏರಲೆಂದು ಕಾಯಲಿಲ್ಲ ನಾನು.
ಇಳಿಯುವ ಕಾಳಿಯ ಎದುರೇ ಗಳ ಊರಿದೆ.

ಹುಡುಗನ ಹೆಸರು ಜಟ್ಟು. ಆರು ವರ್ಷ.
ತುರಿಸಿದರೆ ಎಲ್ಲ ಕೆಟ್ಟಿತು.
ಅದಕ್ಕೇ ಬಲಗೈಗೊಂದು ಕೆಲಸ ಕೊಟ್ಟೆ:
ಗೆರಟೆ ಹಿಡಿ, ದೋಣಿಯ ನೀರು ಚೆಲ್ಲು ಮಾರಾಯ.
ಚೆಲ್ಲಿದ. ಅಷ್ಟೇನೂ ನೀರಿರಲಿಲ್ಲ,
ಆಗಾಗ ನಾನೇ ಎರಚಿ ತುಂಬಿದೆ.

ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು ನೋಡಿ.
ದೇವಿ ಎದ್ದಳು ಅಂದರೆ ಬಾಗಿಲಿಗೆ ಬೇವಿನ ಸೊಪ್ಪು,
ದೇವಿ ಹಾಕಿದರು ಅಂದರೆ ತೋಳಿಗೆ ಸೂಜಿಗೀರು.
ನನ್ನ ಮುಖದ ತುಂಬ ಮೊದಲಿನವಳ ಹೆಜ್ಜೆ.
ಹನಿ ಬಿದ್ದ ಮರಳಿನ ಹಾಗಿದೆ ಎನ್ನುತ್ತಾಳೆ ಹೆಂಡತಿ,
ಅದು ಅವಳ ಒಳ್ಳೆಯತನ.

ಪೆಡ್ನೇಕರನಿಗೆ ಹೇಳದ ಮಾತೊಂದಿತ್ತು.
ಚೈತ್ರದಲ್ಲಿ, ಇದೇ ದೋಣಿಯಲ್ಲಿ, ಇದೇ ಊರಿಗೆ
ಒಂದು ಗಂಟು ಒಯ್ದಿದ್ದೆ:
ಬೈತಖೋಲದಲ್ಲಿ ಸತ್ತ ಖಲಾಸಿಯ ಕಂಬಳಿ, ಎರಡು ಪಂಚೆ,
ಅಕ್ಕನ ಮನೆ ಸೇರಲಿ ಎಂದು ಯಾರೋ ಕಳಿಸಿದ್ದು.
ಗಂಟಿಗೆ ಕೇವು ಇಲ್ಲ.
ದಾರಿಯಲ್ಲಿ ತಲೆಗಿಟ್ಟು ಮಲಗಿದ್ದೆ ಕೂಡ.
ನನಗೇನೂ ಆಗಲಿಲ್ಲ, ಅವಳ ಸಾಲ
ಎಳವೆಯಲ್ಲೇ ತೀರಿಸಿದವ ನಾನು.
ಹಣಕೋಣದಲ್ಲಿ ಹನ್ನೊಂದು ಮನೆ.

ದಂಡೆಯಲ್ಲಿ ಜನ ನಿಂತಿದ್ದರು, ಮಕ್ಕಳ ತೋಳು ಮುಚ್ಚಿ.
ಯಾರ ಪೈಕಿ ಈ ಹುಡುಗ? ಯಾವ ಕೇರಿ?
ಪೆಡ್ನೇಕರ ಸೂಜಿ ಒರೆಸುತ್ತ ಸರ್ಕಾರದ ಮಾತು ಹೇಳಿದ,
ಹೇಳುತ್ತಲೇ ಇದ್ದ.
ಕಂಬಳಿಯನ್ನು ಹೀಗೆ ಯಾರೂ ಕೇಳಿರಲಿಲ್ಲ.

ಆಗ ಹೊನ್ನಿ ಬಂದಳು,
ಮೂರರಲ್ಲಿ ಉಳಿದ ಒಂದನ್ನು ಸೊಂಟಕ್ಕೇರಿಸಿ.
ಪೆಡ್ನೇಕರನನ್ನಲ್ಲ, ನನ್ನನ್ನು ನೋಡಿದಳು.
ದೋಣಿಯನ್ನು ನೋಡಿದಳು.
"ಅದೂ ಇದರಲ್ಲೇ ಬಂದದ್ದು, ಅಲ್ದಾ?"
ಕೈಯಲ್ಲಿ ಗಳ ಒದ್ದೆಯಿತ್ತು.
ಹೂಂ, ಎಂದೆ.
ಅವಳು ಕೂಸಿನ ತೋಳು ಬಿಡಿಸಿ
ಜಟ್ಟುವಿನ ತೋಳಿನ ಪಕ್ಕ ಹಿಡಿದಳು.
ಆಮೇಲೆ ಇನ್ನೂ ಆರು ತೋಳು.
ಎಂಟನೆಯ ಮಗುವಿನ ಸರದಿಗೆ ಗುಳ್ಳೆ ಬತ್ತಿತ್ತು.
ಆ ಮಗುವನ್ನು ತಾಯಿ ಸುಮ್ಮನೆ ಮನೆಗೆ ಕರೆದೊಯ್ದಳು.

ಮರಳುವಾಗ ನೀರು ನಿಂತಿತ್ತು, ಏರದೆ, ಇಳಿಯದೆ.
ಪೆಡ್ನೇಕರ ಕೊಡೆ ಮಡಚಿ ನಿದ್ದೆ ಹೋದ.
ಜಟ್ಟು ಗೆರಟೆ ಕೆಳಗಿಟ್ಟ,
ಬೆಲ್ಲದ ಚೂರನ್ನು ಕೆನ್ನೆಗೊತ್ತಿಕೊಂಡು ಕೇಳಿದ:
"ಈಗ ತುರಿಸಲಾ?"

ಅವನ ಕೇವಿನ ಅರ್ಧಾಣೆ ತೆಗೆದು
ಬಲಗೈಗೆ ಕೊಟ್ಟೆ.
ಗಟ್ಟಿ ಹಿಡ್ಕೋ, ಎಂದೆ.